ಭಾಗ್ಯಳ ಎರಡು ವರ್ಷದ ಓದು

ನಿನ್ನ ಎರಡು ವರ್ಷದ ಓದನ್ನು ವಿಶ್ವವಿದ್ಯಾಲಯದವರು ಒಪ್ಪಲಿಲ್ಲ ಎಂದು ನಾನು ಹೇಳಿದ್ದು ಸುಳ್ಳು, ಭಾಗ್ಯ. ಅವರು ನಿನ್ನ ಹೆಸರನ್ನೇ ಕೇಳಿರಲಿಲ್ಲ. ನಿನ್ನ ಕಾಗದಗಳನ್ನು ನಾನು ಕಳಿಸಲೇ ಇಲ್ಲ. ಇನ್ನೊಂದು ಇದೆ, ಇದಕ್ಕಿಂತ ಹೊಲಸಾದದ್ದು — ನಿನ್ನ ಗಂಡ ಮಂಜುನಾಥನಿಗೆ ನಾನು ಆಡಿದ ಒಂದು ಮಾತು. ಅದನ್ನೂ ಹೇಳುತ್ತೇನೆ.

ಹಾಸನದ ಕಾಲೇಜೊಂದರಲ್ಲಿ ಇಷ್ಟು ವರ್ಷದಿಂದ ಇಂಗ್ಲಿಷ್ ಪಾಠ ಮಾಡುತ್ತಿರುವ ಬಾಯಿ ಇದು. ವೇದಿಕೆ ಸಿಕ್ಕರೆ ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ ತೆಗೆದುಕೊಂಡು ಮನೆಗೆ ಬರುತ್ತದೆ. ನಿನಗೆ ಮಾಡಿದ ಅನ್ಯಾಯವನ್ನು ಒಪ್ಪಿಕೊಳ್ಳಲು ಮಾತ್ರ ಅದಕ್ಕೆ ಇಷ್ಟು ಕಾಲ ಬೇಕಾಯಿತು. ನಿನ್ನನ್ನು ಏಕವಚನದಲ್ಲಿ ಮಾತಾಡಿಸುವ ಯೋಗ್ಯತೆಯೂ ನನಗೆ ಉಳಿದಿಲ್ಲ. ಆದರೂ ಮೇಡಂ ಅನ್ನಿಸಿಕೊಂಡ ಚಾಳಿ — ಸುಲಭವಾಗಿ ಬಿಡುವುದಿಲ್ಲ.

ನೀನು ಬಂದ ವರ್ಷ ನಮ್ಮ ಕಾಲೇಜು ಹೊಸ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಬೇರೆ ಕಡೆ ಓದಿ ಅರ್ಧಕ್ಕೆ ಬಿಟ್ಟವರು ಇಲ್ಲಿ ಮುಂದುವರಿಸಬಹುದಿತ್ತು. ಅವರು ಪಾಸು ಮಾಡಿದ ಒಂದೊಂದು ವಿಷಯಕ್ಕೂ ಇಷ್ಟಿಷ್ಟು ಕ್ರೆಡಿಟ್ ಎಂದು ಸಿಕ್ಕಿರುತ್ತದಲ್ಲ, ಅದನ್ನು ಇಲ್ಲಿಗೆ ಸೇರಿಸಿಕೊಂಡು ಉಳಿದದ್ದನ್ನು ಓದಿದರೆ ಆಯಿತು. ಅಲ್ಲಿಯ ಪಾಠ, ಇಲ್ಲಿಯ ಪಾಠ ಎರಡನ್ನೂ ಹೋಲಿಸಿ ನೋಡಿ, ನನ್ನ ಅಭಿಪ್ರಾಯ ಬರೆದು ವಿಶ್ವವಿದ್ಯಾಲಯದ ಸಮಿತಿಗೆ ಕಳಿಸುವುದು ಕಾಲೇಜಿನ ಪರವಾಗಿ ನನಗೆ ಒಪ್ಪಿಸಿದ್ದ ಕೆಲಸ. ಒಂದು ಮಧ್ಯಾಹ್ನದ ಕೆಲಸ. ನಿರ್ಧಾರ ಸಮಿತಿಯದು, ನನ್ನದಲ್ಲ. ನನಗೆ ಇದ್ದ ಅಧಿಕಾರ ಅಷ್ಟೇ, ಹಿಡಿಯಷ್ಟು. ಅಷ್ಟಕ್ಕೇ ನನ್ನ ತಲೆ ತಿರುಗಿತ್ತು.

ಸ್ಟಾಫ್ ರೂಮಿನ ಬಾಗಿಲಲ್ಲಿ ನೀನು ಚಪ್ಪಲಿ ಬಿಟ್ಟು ಒಳಗೆ ಬಂದೆ. ಅಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ. ಅದನ್ನು ನೋಡಿಯೇ ನನ್ನ ತುಟಿ ಕೊಂಕಿತು.

"ನಾನು ಒಳೆನರಸೀಪುರದ ಕಡೆಯೋಳು ಮೇಡಂ. ಅರಕಲಗೂಡಿಗೆ ಮದ್ವೆ ಮಾಡ್ಕೊಟ್ಟವ್ರೆ. ಮೈಸೂರಲ್ಲಿ ಎಲ್ಡು ವರ್ಸ ಬಿ.ಎ. ಮುಗ್ಸೀನಿ, ಇಂಗ್ಲೀಸ್ ಆಪ್ಸನಲ್ಲು. ಇನ್ನೊಂದ್ ವರ್ಸ ಇಲ್ಲೇ ಓದ್ಬುಡ್ತೀನಿ. ಮನೇಲಿ ಒಂದೇ ವರ್ಸ ಅಂತ ಒಪ್ಪವ್ರೆ."

ಒಂದೇ ವರ್ಷ ಎಂದು ನೀನು ಮೊದಲ ದಿನವೇ ಹೇಳಿದ್ದೆ. ಆದ್ದರಿಂದ ಗೊತ್ತಿರಲಿಲ್ಲ ಎಂದು ಹೇಳುವ ದಾರಿಯೂ ನನಗಿಲ್ಲ.

ನನಗೆ ಕೇಳಿಸಿದ್ದು ನಿನ್ನ ಮಾತಿನ ರೀತಿ ಮಾತ್ರ. ಇಂಗ್ಲೀಸ್. ಆಪ್ಸನಲ್ಲು. ಭಾಗ್ಯ, ನಾನು ಹುಟ್ಟಿದ್ದು ಇಲ್ಲೇ ಹಾಸನದ ಪಕ್ಕ, ಮೊಸಳೆ ಎಂಬ ಊರಿನ ಹತ್ತಿರದ ಹಳ್ಳಿಯಲ್ಲಿ. ನಮ್ಮ ಮನೆಯಲ್ಲೂ ಹಾಸನ ಅನ್ನುತ್ತಿರಲಿಲ್ಲ, ಆಸನ ಅನ್ನುತ್ತಿದ್ದರು. ಕಾಲೇಜಿಗೆ ಸೇರಿದ ಮೇಲೆ ಆ ಮಾತನ್ನು ನನ್ನ ನಾಲಗೆಯಿಂದ ಉಜ್ಜಿ ಉಜ್ಜಿ ತೆಗೆದೆ. ಅಮ್ಮ ಫೋನ್ ಮಾಡಿದರೆ ಸಹೋದ್ಯೋಗಿಗಳಿಗೆ ಕೇಳಬಾರದೆಂದು ಎದ್ದು ಹೊರಗೆ ಹೋಗುತ್ತಿದ್ದೆ. ಅಂಥದ್ದರಲ್ಲಿ ನೀನು ಅದೇ ಮಾತನ್ನು ಎಗ್ಗಿಲ್ಲದೆ ಆಡುತ್ತ, ನನ್ನ ಮೇಜಿನ ಮುಂದೆ ನಿಂತು, ನನ್ನದೇ ವಿಷಯ ಓದಿದ್ದೇನೆ ಎಂದರೆ — ನನಗೆ ಮೈಯೆಲ್ಲ ಉರಿಯಿತು. ಇಂಥವಳೂ ಇಂಗ್ಲಿಷ್ ಓದಿದ್ದಾಳೆ ಎಂದರೆ ನಾನು ಓದಿದ್ದಕ್ಕೆ ಏನು ಬೆಲೆ? ನಿಜವಾಗಿ ನನ್ನ ತಲೆಯಲ್ಲಿ ಬಂದದ್ದು ಇದೇ ಮಾತು. ಎಷ್ಟು ಸಣ್ಣದು ನೋಡು. ದೊಡ್ಡ ದ್ವೇಷವೋ ಹಳೆಯ ವೈರವೋ ಇದ್ದಿದ್ದರೆ ಹೇಳಿಕೊಳ್ಳಲಾದರೂ ಒಂದು ಗತ್ತು ಇರುತ್ತಿತ್ತು.

ಮಾರ್ಕ್ಸ್ ಕಾರ್ಡು, ಪಾಠಪಟ್ಟಿಯ ನಕಲು ಇಟ್ಟು ಹೋಗು, ನೋಡೋಣ ಎಂದೆ. ನೋಡಲಿಲ್ಲ. ಬೀರುವಿಗೆ ಹಾಕಿದೆ. ಅದೇ ವಾರ ಚನ್ನರಾಯಪಟ್ಟಣದ ಕಡೆಯ ದೊಡ್ಡ ಕುಳವೊಬ್ಬರು, ಕಲ್ಯಾಣಮಂಟಪದ ಮಾಲೀಕರು, ಮಗನನ್ನು ಕರೆದುಕೊಂಡು ಬಂದರು. ಆ ಹುಡುಗ ಬೇರೆ ಕಾಲೇಜಿನಲ್ಲಿ ಎರಡು ವಿಷಯ ಬಾಕಿ ಉಳಿಸಿಕೊಂಡಿದ್ದ. ಓದಿದ ವಿಷಯಗಳ ಹೆಸರು ಕೇಳಿದರೆ ಅಪ್ಪನ ಮುಖ ನೋಡುತ್ತಿದ್ದ. ಪ್ರಿನ್ಸಿಪಾಲರು ಕಾಫಿ ತರಿಸಿದರು, ನಾನು ಹಲ್ಲು ಕಿರಿದೆ. ಅವನ ಪಾಠಪಟ್ಟಿಯನ್ನು ಅಂದೇ ಹೋಲಿಸಿ, ಹೊಂದದೇ ಇದ್ದದ್ದನ್ನೂ ಹೊಂದುತ್ತದೆ ಎಂದು ಬರೆದು ಸಂಜೆಯೊಳಗೆ ಕಳಿಸಿದೆ. ನಿನ್ನ ಕಾಗದಗಳು ಅದೇ ಬೀರುವಿನಲ್ಲಿದ್ದವು.

ಮೂರನೆಯ ವರ್ಷಕ್ಕೆ ಸೇರುವ ಕೊನೆಯ ದಿನ ಕಳೆದ ಮೇಲೆ ನಿನ್ನನ್ನು ಕರೆಸಿ, ಯೂನಿವರ್ಸಿಟಿ ಒಪ್ಪಲಿಲ್ಲ ಎಂದೆ. ನೀನು ಅಳಲಿಲ್ಲ. ಯಾವ ಪಾಠ ಹೊಂದಿಕೊಳ್ಳುವುದಿಲ್ಲವಂತೆ ಎಂದು ಕೇಳಿದೆ. ನಾನು ಗದರಿದೆ — ಸಿಲಬಸ್ಸೇ ಬೇರೆ, ಅದೆಲ್ಲ ನಿನಗೆ ಅರ್ಥವಾಗುವುದಿಲ್ಲ, ಬೇಕಾದರೆ ಮೊದಲ ವರ್ಷಕ್ಕೆ ಸೇರಿಕೋ. ನನಗೋಸ್ಕರ ಇಷ್ಟು ಓಡಾಡಿದಿರಲ್ಲ ಎಂದು ನೀನು ಕೈಮುಗಿದೆ. ಕೈಮುಗಿಸಿಕೊಂಡೆ.

ನೀನು ಮತ್ತೆ ಬರುವುದಿಲ್ಲ ಎಂದುಕೊಂಡಿದ್ದೆ. ಬಂದೆ. ಮನೆಯವರನ್ನು ಅದು ಹೇಗೆ ಒಪ್ಪಿಸಿದೆಯೋ. ಎಳೆಯ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು, ಅರಕಲಗೂಡಿನಿಂದಲೂ ಆಚೆ, ರುದ್ರಪಟ್ಟಣದ ಹತ್ತಿರದ ಗಂಡನ ಊರಿನಿಂದ ಎರಡು ಬಸ್ಸು ಬದಲಿಸಿ, ಪಿಯುಸಿ ಮುಗಿಸಿ ಬಂದ ಮಕ್ಕಳ ಜೊತೆ ಕುಳಿತೆ. ನೀನು ಆಗಲೇ ಓದಿ ಮುಗಿಸಿದ್ದ ಪಾಠಗಳನ್ನೇ ನಾನು ನಿನಗೆ ಮೊದಲಿನಿಂದ ಮಾಡಿದೆ. ಯಾವುದೂ ಬೇರೆಯಾಗಿರಲಿಲ್ಲ, ಒಂದೆರಡು ಕಥೆ, ಒಂದು ನಾಟಕ ಬದಲಾಗಿತ್ತು, ಅಷ್ಟೇ. ಅದು ಮೊದಲ ತಿಂಗಳಲ್ಲೇ ನಿನಗೆ ತಿಳಿದಿರಬೇಕು. ಆದರೂ ಎದ್ದು ಕೇಳಲಿಲ್ಲ. ನನ್ನನ್ನು ನಂಬಿದ್ದೆಯಲ್ಲ.

ನೀನು ತರಗತಿಯಲ್ಲಿರುವುದು ನನಗೆ ಸಹಿಸಲಾಗುತ್ತಿರಲಿಲ್ಲ. ಮನಸ್ಸು ಚುಚ್ಚಿ ಅಲ್ಲ. ಅಂಥ ಮನಸ್ಸು ಆಗ ಇರಲಿಲ್ಲ. ನಿನ್ನ ಮುಖ ಕಂಡರೆ ಸಿಟ್ಟು, ಅಷ್ಟೇ. ಎದ್ದು ನಿಂತು ಓದು ಎನ್ನುತ್ತಿದ್ದೆ. ನೀನು ಓದುತ್ತಿದ್ದೆ, ಹಕಾರವೆಲ್ಲ ಹಾರಿಹೋಗುತ್ತಿತ್ತು, ಮಕ್ಕಳು ಮುಸಿಮುಸಿ ನಗುತ್ತಿದ್ದರು. ನಾನು ತಡೆಯುತ್ತಿರಲಿಲ್ಲ. ಇನ್ನೊಂದು ಪುಟ ಓದು ಎನ್ನುತ್ತಿದ್ದೆ.

ಮಂಜುನಾಥ ಬಂದದ್ದು ಎರಡನೆಯ ಸೆಮಿಸ್ಟರಿನಲ್ಲಿ. ಅರಕಲಗೂಡಿನ ತನ್ನ ಮೋಟರ್ ರಿಪೇರಿ ಅಂಗಡಿಯಿಂದ ನೇರವಾಗಿ ಬಂದಿದ್ದ. ಕೈಗೆ ಗ್ರೀಸು ಮೆತ್ತಿತ್ತು. ನಿನಗೆ ಗೊತ್ತಿಲ್ಲದ ಹಾಗೆ, ನೀನು ಕ್ಲಾಸಿನಲ್ಲಿರುವ ಹೊತ್ತು ನೋಡಿಕೊಂಡು ಬಂದಿದ್ದ. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ. ಮನೆಯಲ್ಲಿ ನಡೆಯುತ್ತಿದ್ದುದು ಅವನ ಮಾತಿನಿಂದ ತಿಳಿಯಿತು. ಎರಡು ವರ್ಷ ಓದಿದವಳನ್ನು ಯಾರಾದರೂ ಮತ್ತೆ ಮೊದಲಿಂದ ಕೂರಿಸುತ್ತಾರೆಯೇ, ಮದುವೆಗೆ ಮುಂಚೆ ಇವಳು ಮೈಸೂರಿನಲ್ಲಿ ಓದಿದ್ದೇ ಸುಳ್ಳಿರಬೇಕು, ಮಾರ್ಕ್ಸ್ ಕಾರ್ಡು ದುಡ್ಡು ಕೊಟ್ಟರೆ ಸಿಗುತ್ತದೆ ಎಂದು ಅವನ ಅಪ್ಪ ದಿನವೂ ಆಡುತ್ತಿದ್ದರಂತೆ. ಆ ಎರಡು ವರ್ಷ ಇವಳು ಎಲ್ಲಿದ್ದಳೋ ಎನ್ನುವಲ್ಲಿಯವರೆಗೂ ಮಾತು ಹೋಗಿತ್ತು.

"ತಪ್ ತಿಳ್ಕೋಬ್ಯಾಡಿ ಮೇಡಂ," ಎಂದ. "ಅವ್ಳು ಓದಿರಾದು ದಿಟ್ವಾ? ನೀವು ಊಂ ಅಂದ್ರೆ ಸಾಕು. ನಾನು ಮನೇಲಿ ಯೋಳ್ಕೊತೀನಿ."

ಅವನು ನಿನ್ನ ಮೇಲೆ ಸಂಶಯಪಟ್ಟು ಬಂದಿರಲಿಲ್ಲ, ಭಾಗ್ಯ. ಅಪ್ಪನ ಬಾಯಿ ಮುಚ್ಚಿಸಲು ಒಂದು ಮಾತು ಬೇಡಿಕೊಂಡು ಬಂದಿದ್ದ. ಇದು ನಿನಗೆ ಗೊತ್ತಾಗಬೇಕು.

ಹೂಂ ಎಂದರೆ ಮುಗಿಯುತ್ತಿತ್ತು. ಆದರೆ ಹೂಂ ಎಂದರೆ, ಮತ್ತೆ ಯಾಕೆ ಒಪ್ಪಲಿಲ್ಲ ಎಂದು ಕೇಳುತ್ತಾನೆ; ವಿಶ್ವವಿದ್ಯಾಲಯಕ್ಕೆ ಹೋಗಿ ವಿಚಾರಿಸುತ್ತಾನೆ — ನನ್ನ ಬಂಡವಾಳ ಬಯಲಾಗುತ್ತದೆ. ನಾನು ಮುಂದಿದ್ದ ಉತ್ತರಪತ್ರಿಕೆಯಿಂದ ತಲೆ ಎತ್ತದೆ ಹೇಳಿದೆ:

"ಪಾಸಾಗಿದ್ದವರ ಓದನ್ನು ಯಾರೂ ಸುಮ್ಮಸುಮ್ಮನೆ ತಳ್ಳಿಹಾಕಲ್ಲಪ್ಪ."

ಅಷ್ಟೇ. ಸುಳ್ಳು ಎಂದು ತೋರಿಸಲು ಅದರಲ್ಲಿ ಒಂದು ಪದವೂ ಇಲ್ಲ. ಭಾಷೆ ಕಲಿಸುವವಳಲ್ಲವೇ, ಜಾಣತನಕ್ಕೆ ಏನು ಕೊರತೆ. ಅವನು ಬರುತ್ತೇನೆ ಮೇಡಂ ಎಂದು ಹೊರಟ. ನಾನು ಉತ್ತರಪತ್ರಿಕೆ ತಿದ್ದುವುದನ್ನು ಮುಂದುವರಿಸಿದೆ.

ನೀನು ಇನ್ನೂ ಕೆಲವು ದಿನ ಬಂದೆ, ಆಮೇಲೆ ನಿಂತುಬಿಟ್ಟೆ. ಹಾಜರಿಯಲ್ಲಿ ನಿನ್ನ ಹೆಸರು ಬಿಟ್ಟುಹೋದಾಗ ನನಗೆ ಹಾಯೆನಿಸಿತು. ಮದುವೆಯಾದವರಿಗೆ ಓದೆಂದರೆ ಇಷ್ಟೇ, ನಾಲ್ಕು ದಿನದ ಶೋಕಿ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಅಲ್ಲಿ ತಲೆಯಾಡಿಸದವರು ಯಾರೂ ಇಲ್ಲ, ಎಲ್ಲರೂ ನನ್ನಂಥವರೇ.

ಈ ವರ್ಷ ಊರಿಂದ ಬಂದ ನೆಂಟರನ್ನು ಕರೆದುಕೊಂಡು ಶ್ರವಣಬೆಳಗೊಳಕ್ಕೆ ಬರದಿದ್ದರೆ ನಾನು ಹೀಗೇ ಸುಖವಾಗಿ ನಿವೃತ್ತಳಾಗುತ್ತಿದ್ದೆ. ಉಳಿಯಲು ರೂಮು ಕೇಳೋಣವೆಂದು ಒಂದು ಲಾಡ್ಜಿಗೆ ಹೋದರೆ ಕೌಂಟರಿನಲ್ಲಿ ನೀನು. ಉತ್ತರದಿಂದ ಬಂದ ಯಾತ್ರಿಕರೊಬ್ಬರ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆ. ಅವರು ನಗಲಿಲ್ಲ, ಬೇಕಾದ್ದು ತಿಳಿದುಕೊಂಡು ಹೋದರು. ನೀನು ನನ್ನನ್ನು ಕಂಡು ಎದ್ದು ಬಂದೆ. ನನ್ನ ನೆಂಟರಿಗೆಲ್ಲ ಟೀ ತರಿಸಿದೆ. ಚನ್ನರಾಯಪಟ್ಟಣದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಇದ್ದೇನೆ, ದಿನಾ ಬಸ್ಸಿನಲ್ಲಿ ಬರುತ್ತೇನೆ ಎಂದೆ. ಮಂಜುನಾಥ ಹೇಗಿದ್ದಾನೆ ಎಂದು ನಾನು ಕೇಳಿದೆ — ಕೇಳುವ ಧೈರ್ಯವೂ ನನಗಿತ್ತು.

"ಅಲ್ಲಿಂದ ಬಂದ್ಬುಟ್ಟೆ ಮೇಡಂ. ಒಡೀತಿರ್ಲಿಲ್ಲ, ಬೈತಿರ್ಲಿಲ್ಲ. ನಾ ಏನ್ ಯೋಳುದ್ರೂ ನಂಬ್ತಿರ್ಲಿಲ್ಲ. ಸಂತೆಗ್ ಓಗ್ಬಂದೆ ಅಂದ್ರೂ ಮುಖ ನೋಡೋರು. ಅಂಗೆ ಎಷ್ಟ್ ದಿನ ಇರಾದು."

ಆಮೇಲೆ ನೀನು ಕೌಂಟರಿನ ಹಿಂದೆ ಕುಳಿತು ಬಣ್ಣ ಹಚ್ಚುತ್ತಿದ್ದ ಮಗಳನ್ನು ಕರೆದು, ಇವರು ನಮ್ಮ ಮೇಡಂ, ನನ್ನ ಓದಿಗೋಸ್ಕರ ಬಹಳ ಓಡಾಡಿದವರು ಎಂದು ಹೇಳಿದೆ. ಮಗು ನನ್ನನ್ನು ನೋಡಿತು. ಆಗಲೂ ನಾನು ಬಾಯಿ ಬಿಡಲಿಲ್ಲ, ಭಾಗ್ಯ. ಬಿಡಲಿಲ್ಲ ಎಂದರೂ ಸುಳ್ಳೇ. ನನ್ನ ಕೈಲಾದ್ದು ಮಾಡಿದೆ ಬಿಡಮ್ಮ, ಎಂದೆ.

ಹಿಂದಿನದ್ದನ್ನೆಲ್ಲ ಹೇಗೋ ಸಮರ್ಥಿಸಿಕೊಳ್ಳುತ್ತಿದ್ದೆನೋ ಏನೋ. ಈ ಮಾತನ್ನು ಸಮರ್ಥಿಸಿಕೊಳ್ಳಲು ಆಗಲಿಲ್ಲ. ಕಾರಿನಲ್ಲಿ ಬರುವಾಗ ಗೊಮ್ಮಟನ ಎತ್ತರದ ಬಗ್ಗೆ ನೆಂಟರು ಮಾತಾಡುತ್ತಿದ್ದರು, ನನಗೆ ನನ್ನ ದನಿಯೇ ಕೇಳಿಸುತ್ತಿತ್ತು — ಆ ಮೆತ್ತಗಿನ, ಇಸ್ತ್ರಿ ಮಾಡಿದಂಥ ದನಿ. ಅಸಹ್ಯವಾಯಿತು.

ಪ್ರಿನ್ಸಿಪಾಲರಿಗೆ ಎಲ್ಲ ಹೇಳಿದೆ. ಅವರು ಬಾಗಿಲು ಮುಚ್ಚಿ ಬಂದು, ಹಳೆಯದನ್ನು ಯಾಕೆ ಕೆದಕುತ್ತೀರಿ, ಕಾಲೇಜಿನ ಹೆಸರು ಕೆಡುತ್ತದೆ ಎಂದರು. ಕೆಡಲು ಉಳಿದಿರುವುದೇನು ಎಂದು ನಾನು ಕೇಳಬಹುದಿತ್ತು. ಕೇಳುವ ಮುಖ ನನಗೂ ಇರಲಿಲ್ಲ. ನಾನು ಮಾಡಿದ್ದನ್ನೂ, ಆ ಕಲ್ಯಾಣಮಂಟಪದವರ ಮಗನಿಗೆ ಬರೆದುಕೊಟ್ಟದ್ದನ್ನೂ ಬರೆದು ಸಹಿ ಹಾಕಿ ವಿಶ್ವವಿದ್ಯಾಲಯಕ್ಕೆ ಕೊಟ್ಟೆ. ಬೀರುವಿನಲ್ಲೇ ಉಳಿದಿದ್ದ ನಿನ್ನ ಕಾಗದಗಳನ್ನೂ ಜೊತೆಗಿಟ್ಟೆ. ವಿಚಾರಣೆ ನಡೆಯುತ್ತಿದೆ, ನನಗೆ ಏನಾಗಬೇಕೋ ಅದು ಆಗುತ್ತದೆ. ಸಮಿತಿಯವರು ನಿನ್ನ ಪಾಠಪಟ್ಟಿಯನ್ನು ಒಂದೇ ಸಭೆಯಲ್ಲಿ ನೋಡಿ ಮುಗಿಸಿದರು. ಒಂದು ವಿಷಯ ಬಿಟ್ಟು ಉಳಿದ ಕ್ರೆಡಿಟ್ಟೆಲ್ಲ ಒಪ್ಪಿದ್ದಾರೆ. ಹಳೆಯ ಕ್ರೆಡಿಟ್ ಸೇರಿಸಿಕೊಳ್ಳುವ ಅವಧಿ ಇನ್ನೂ ಮೀರಿಲ್ಲವಂತೆ. ನೀನು ಬಯಸಿದರೆ ನೇರವಾಗಿ ಮೂರನೆಯ ವರ್ಷಕ್ಕೆ ಸೇರಬಹುದು — ಬೇರೆ ಕಾಲೇಜಿಗೆ. ನನ್ನ ಮುಂದೆ ನೀನು ಇನ್ನೊಂದು ಸಲ ಎದ್ದು ನಿಂತು ಓದಬೇಕಾಗಿಲ್ಲ.

ನಿನ್ನೆ ಅರಕಲಗೂಡಿಗೆ ಹೋಗಿದ್ದೆ. ಮಂಜುನಾಥ ಮೋಟರೊಂದನ್ನು ಬಿಚ್ಚಿಕೊಂಡು ಕುಳಿತಿದ್ದ. ಅಂಗಡಿಯಲ್ಲಿ ಅವನ ಅಪ್ಪನೂ ಇದ್ದರು. ಒಳ್ಳೆಯದಾಯಿತು ಎಂದುಕೊಂಡು ಇಬ್ಬರಿಗೂ ಕೇಳುವ ಹಾಗೆ ಹೇಳಿದೆ: ಭಾಗ್ಯ ಓದಿದ್ದು ನಿಜ, ಪಾಸಾದದ್ದು ನಿಜ, ಸುಳ್ಳು ಹೇಳಿದವಳು ನಾನು. ಅಪ್ಪ ಎದ್ದು ಹೊರಗೆ ಹೋಗಿ ರಸ್ತೆ ನೋಡುತ್ತ ನಿಂತರು. ಮಂಜುನಾಥ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು ಹೇಳಿದ.

"ನಿಮ್ ಮಾತ್ಗೆ ಅಲ್ಲ ಮೇಡಂ. ಅವ್ಳ್ ಮಾತ್ಗೆ ಬೆಲೆ ಕೊಡ್ಬೇಕಾಗಿತ್ತು ನಾನು."

ನನ್ನನ್ನು ಒಂದು ಮಾತೂ ಬೈಯಲಿಲ್ಲ. ನನ್ನ ಒಂದು ವಾಕ್ಯದಿಂದ ನಿಮ್ಮ ಸಂಸಾರ ಮುರಿಯಿತು ಎಂದುಕೊಳ್ಳುವುದೂ ನನ್ನದೊಂದು ಜಂಭವೇ ಇರಬಹುದು. ಆದರೆ ಆ ಮನೆಯಲ್ಲಿ ನಿನ್ನನ್ನು ನಂಬಲು ಬಯಸಿದ್ದವನು ಒಬ್ಬನಿದ್ದ; ಅವನು ನನ್ನ ಹತ್ತಿರ ಬಂದಿದ್ದ, ನಾನು ಅವನನ್ನು ಬರಿಗೈಯಲ್ಲಿ ಕಳಿಸಿದೆ. ಇದರಿಂದ ನುಣುಚಿಕೊಳ್ಳಲು ನನಗೆ ಯಾವ ಸಂದಿಯೂ ಇಲ್ಲ.

ಇಷ್ಟು ಹೊತ್ತು ಮನಸ್ಸಿನಲ್ಲೇ ನಿನಗೆ ಹೇಳಿಕೊಂಡ ಇದನ್ನೆಲ್ಲ ಎದುರಿಗೆ ನಿಂತು ಹೇಳಲು ನಾಳೆ ಶ್ರವಣಬೆಳಗೊಳಕ್ಕೆ ಬರುತ್ತೇನೆ. ಕ್ರೆಡಿಟ್ಟಿನ ಸುದ್ದಿಯನ್ನು ಮೊದಲು ಹೇಳುವುದಿಲ್ಲ. ಆ ಸಂತೋಷದಲ್ಲಿ ನೀನು ನನ್ನ ಕೈ ಹಿಡಿದುಕೊಂಡುಬಿಡಬಹುದು, ಹೋಗಲಿ ಬಿಡಿ ಮೇಡಂ ಎನ್ನಬಹುದು. ಹಾಗೆ ಕದ್ದು ಪಡೆದ ಕ್ಷಮೆ ನನಗೆ ಬೇಡ. ನಾನು ಏನು ಮಾಡಿದೆ ಎಂಬುದನ್ನು ಮೊದಲು ಹೇಳುತ್ತೇನೆ, ಪೂರ್ತಿ ಹೇಳುತ್ತೇನೆ. ನಿನ್ನ ಮಗಳು ಅಲ್ಲೇ ಕುಳಿತಿದ್ದರೂ ನಿಲ್ಲಿಸುವುದಿಲ್ಲ.