ಗೊತ್ತಿಲ್ಲ ಎಂದ ಹದಿನಾಲ್ಕು ಮನೆಗಳು

ನನ್ನ ಅತ್ತಿಗೆ ಈಗ ಯಾರ ಮನೆಯ ಕರೆಗಂಟೆಯನ್ನೂ ಒತ್ತುವುದಿಲ್ಲ. ಇಪ್ಪತ್ತೆರಡು ವರ್ಷ ಅದೇ ಅವರ ಕೆಲಸವಾಗಿತ್ತು. ಸಮೀಕ್ಷೆ ನಡೆಸುವ ಕಚೇರಿಯಿಂದ ಫಾರಂಗಳ ಕಟ್ಟು ತೆಗೆದುಕೊಂಡು ಬೀದಿ ಬೀದಿ ಅಲೆಯುವುದು, ಜನರ ಅಭಿಪ್ರಾಯ ಕೇಳಿ ಗುರುತು ಹಾಕಿಕೊಂಡು ಬರುವುದು. ಯಾವ ಸೋಪು ಹಚ್ಚುತ್ತೀರಿ, ನಲ್ಲಿ ನೀರು ಕುಡಿಯುತ್ತೀರಾ, ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದೆಯೇ, ಇಂಥವೇ ಪ್ರಶ್ನೆಗಳು. ಅವರನ್ನು ಆ ಕೆಲಸಕ್ಕೆ ಸೇರಿಸಿದವನು ನಾನು. ತುಂಬಿ ಬಂದ ಫಾರಂಗಳನ್ನು ಪರಿಶೀಲಿಸುವ ಮೇಜು ನನ್ನದು. ನಾನು ಅತ್ತಿಗೆ ಎಂದು ಕರೆಯುತ್ತಿದ್ದುದರಿಂದ ಇಡೀ ಕಚೇರಿಗೆ ಅವರು ಅತ್ತಿಗೆಯಾದರು. ಅವರಿಗಿಂತ ಹತ್ತು ವರ್ಷ ದೊಡ್ಡವನಾದ ಮ್ಯಾನೇಜರ್ ಕೂಡ ನಾಚಿಕೆಯಿಲ್ಲದೆ ಅತ್ತಿಗೆ ಎನ್ನುತ್ತಿದ್ದ.

ಮಾತಿನಲ್ಲಿ ಅತ್ತಿಗೆಯದು ಎತ್ತಿದ ಕೈ. ಬಾಗಿಲ ಸಂದಿಯಲ್ಲಿ ಅರ್ಧ ಮುಖ ತೋರಿಸಿ “ಏನೂ ಬೇಡಮ್ಮ” ಎಂದವರು ಐದು ನಿಮಿಷದಲ್ಲಿ ಕುರ್ಚಿ ಹಾಕಿ ಕೂರಿಸಿ, ಸೊಸೆಯ ಮೇಲಿನ ದೂರನ್ನೆಲ್ಲ ಒಪ್ಪಿಸುತ್ತಿದ್ದರು. “ಮದುವೆಗೆ ಮುಂಚೆ ನನ್ನನ್ನೂ ಹಿಂಗೇ ಕೂರಿಸ್ಕೊಂಡು ಕೇಳಿದ್ಲು ಕಣೋ. ಪಾಸಾದ್ನೋ ಫೇಲಾದ್ನೋ ಇವತ್ತಿಗೂ ಹೇಳಿಲ್ಲ” ಎಂದು ನಮ್ಮಣ್ಣ ನಗುತ್ತಿದ್ದ. ಅತ್ತಿಗೆಗೆ ಒಂದೇ ಒಂದು ಜಂಬವಿತ್ತು. ಉಳಿದವರು ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಒಂದಿಡೀ ಬೀದಿಯನ್ನು ಮುಗಿಸುತ್ತಿದ್ದಾಗ ಇವರು ಮಂಡಿನೋವು ಕಟ್ಟಿಕೊಂಡು ಮೂರನೇ ಮಹಡಿ ಹತ್ತುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಒಂದು ಫಾರಂ ಕೂಡ ಸುಳ್ಳು ತುಂಬಿರಲಿಲ್ಲ. ಆ ಜಂಬವನ್ನು ಮುರಿದವನೂ ನಾನೇ.

ಆ ಸಲದ ಸಮೀಕ್ಷೆ ಜೀನ್ ತಿದ್ದುವುದರ ಬಗ್ಗೆ ಇತ್ತು. ತಂದೆ ತಾಯಿಯಿಂದ ಮಕ್ಕಳಿಗೆ ಬರುವ ಗುಣಗಳನ್ನು ಹೊತ್ತ ಜೀನುಗಳನ್ನು ತಿದ್ದಿ ಬೆಳೆ ಬೆಳೆಯುವುದು, ರೋಗ ಗುಣಪಡಿಸುವುದು, ಇದನ್ನು ಸಾರ್ವಜನಿಕರು ಒಪ್ಪುತ್ತಾರೋ ಇಲ್ಲವೋ ಎಂದು ಯಾರಿಗೋ ಬೇಕಾಗಿತ್ತು. ಒಪ್ಪುತ್ತೇನೆ, ಒಪ್ಪುವುದಿಲ್ಲ, ಗೊತ್ತಿಲ್ಲ ಎಂದು ಮೂರು ಚೌಕಗಳು. ಅತ್ತಿಗೆ ತಮ್ಮ ಪಾಲಿನ ಬೀದಿಯನ್ನು ಎರಡು ದಿನ ಸುತ್ತಿ ಫಾರಂ ತಂದು ನನ್ನ ಮೇಜಿನ ಮೇಲಿಟ್ಟರು. ನೋಡಿದರೆ ಹದಿನಾಲ್ಕು ಮನೆಗಳಿಗೆ ಹದಿನಾಲ್ಕರಲ್ಲೂ ಗೊತ್ತಿಲ್ಲ.

ಜನರಿಗೆ ಗೊತ್ತಿಲ್ಲದಿರುವುದು ನಮ್ಮ ಕಚೇರಿಗೆ ಆಗದ ಮಾತು. ಗೊತ್ತಿಲ್ಲ ಎನ್ನುವ ಗುರುತು ಹೆಚ್ಚಾದರೆ ಸಮೀಕ್ಷೆ ಮಾಡಿಸಿದವರು, ನಿಮ್ಮ ಜನ ಸರಿಯಾಗಿ ಕೇಳಿಲ್ಲ ಎಂದು ತಕರಾರು ತೆಗೆಯುತ್ತಾರೆ. ನಾನು ಹದಿನಾಲ್ಕರ ಮೇಲೂ ಕೆಂಪು ಶಾಯಿಯಲ್ಲಿ ‘ಮತ್ತೊಮ್ಮೆ ವಿಚಾರಿಸಿ’ ಎಂದು ಬರೆದು ವಾಪಸು ಕೊಟ್ಟೆ.

“ನಿಜವಾಗ್ಲೂ ಗೊತ್ತಿಲ್ಲ ಕಣೋ ಅವ್ರಿಗೆ. ನನಗೇ ಗೊತ್ತಿಲ್ಲ, ಅವ್ರಿಗೇನು ಹೇಳ್ಲಿ?” ಎಂದರು ಅತ್ತಿಗೆ.

“ಏನಾದ್ರೂ ಒಂದು ಹೇಳಿಸಿ ಅತ್ತಿಗೆ. ಸಂಜೆಯೊಳಗೆ ಬೇಕು” ಎಂದೆ. ತಲೆ ಎತ್ತಿ ನೋಡಲೂ ಇಲ್ಲ.

ಮಧ್ಯಾಹ್ನವೇ ಫಾರಂಗಳು ಬಂದವು. ಹನ್ನೆರಡು ಮನೆಯವರು ಒಪ್ಪುವುದಿಲ್ಲ, ಇಬ್ಬರು ಒಪ್ಪುತ್ತೇನೆ. ಎರಡು ದಿನ ಹಿಡಿದಿದ್ದ ಬೀದಿ ಅರ್ಧ ದಿನದಲ್ಲೇ ಮುಗಿದಿತ್ತು. ಎಲ್ಲೋ ಒಂದು ಕಡೆ ಕೂತು ಹಾಕಿದ್ದೆಂದು ನೋಡಿದ ತಕ್ಷಣ ತಿಳಿಯಿತು. ತಿಳಿಯದ ವಸ್ತುವನ್ನು ಜನ ಬೇಡ ಎಂದೇ ಅನ್ನುತ್ತಾರೆ ಎಂದು ಲೆಕ್ಕ ಹಾಕಿ, ನಿಜವೆಂದು ಕಾಣಲಿ ಎಂದು ನಡುವೆ ಎರಡು ಬೇಕು ಸೇರಿಸಿದ್ದರು. ನಾನು ಮೊಹರು ಒತ್ತಿದೆ. ಅತ್ತಿಗೆ ಅವತ್ತು ಟೀ ಬೇಡ ಎಂದು ಹೊರಟುಹೋದರು.

ಅಷ್ಟಕ್ಕೇ ಮುಗಿದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಮೊದಲ ಸಲ ಬೀಗ ಹಾಕಿದ್ದ ಒಂದು ಮನೆ ಉಳಿದಿತ್ತು. ಮರುದಿನ ಅತ್ತಿಗೆ ಅಲ್ಲಿಗೆ ಹೋದರು. ನೆಲಮಹಡಿಯ ಒಂದೇ ಕೋಣೆ, ಕಿಟಕಿಗೆ ತಾಗಿಸಿಟ್ಟ ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಅರ್ಧ ಹೊಲಿದ ಶಾಲೆಯ ಸಮವಸ್ತ್ರಗಳು. ಬೀದಿಯವರ ಬಟ್ಟೆಗಳೆಲ್ಲ ಆ ಮನೆಯಾಕೆಯ ಕೈಯಲ್ಲೇ ಆಗುತ್ತಿದ್ದುದರಿಂದ ಅವಳು ಎಲ್ಲರಿಗೂ ಟೈಲರಮ್ಮ. ಏಳು ವರ್ಷದ ಮಗಳು ನೆಲದ ಮೇಲೆ ಕೂತು ಗುಂಡಿಗಳನ್ನು ದೊಡ್ಡದು ಚಿಕ್ಕದು ಎಂದು ಬೇರೆ ಮಾಡುತ್ತಿದ್ದಳು. ಕೈಯ ಮೇಲೆ ಹತ್ತಿ ಇಟ್ಟು ಅಂಟಿಸಿದ ಪಟ್ಟಿ ಇತ್ತು. ಅತ್ತಿಗೆ ಅದನ್ನು ನೋಡಿದರು, ಕೇಳಲಿಲ್ಲ. ಊರಿಗೆಲ್ಲ ಪ್ರಶ್ನೆ ಕೇಳುವವರು ಅದೊಂದನ್ನು ಕೇಳಲಿಲ್ಲ.

ಜೀನ್ ತಿದ್ದಿ ರೋಗ ಗುಣಪಡಿಸುವುದನ್ನು ಒಪ್ಪುತ್ತೀರಾ ಎಂಬ ಪ್ರಶ್ನೆ ಬಂದಾಗ ಟೈಲರಮ್ಮನ ಕಾಲು ಪೆಡಲಿನ ಮೇಲೆ ನಿಂತಿತು.

“ಬೀದೀಲಿ ಬೇರೆಯವ್ರು ಏನಂದ್ರು?”

ಒಬ್ಬರ ಉತ್ತರ ಇನ್ನೊಬ್ಬರ ಕಿವಿಗೆ ಬೀಳಬಾರದು ಎನ್ನುವುದು ನಮ್ಮ ಕೆಲಸದ ಮೊದಲ ಪಾಠ. ಹೊಸಬರಿಗೆ ಅದನ್ನು ಹೇಳಿಕೊಡುವವನು ನಾನು, ಉದಾಹರಣೆಗೆ ತೋರಿಸುತ್ತಿದ್ದುದು ಅತ್ತಿಗೆಯನ್ನು. ಅವತ್ತು ಮಾತ್ರ ಅವರ ನಾಲಿಗೆ ಹಿಡಿತ ತಪ್ಪಿತು. ಸುಳ್ಳು ತುಂಬಿದ ಮನಸ್ಸು, ಅದು ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಲು ಜಾಗ ಹುಡುಕುತ್ತಿತ್ತೋ ಏನೋ.

“ಬೇಡ ಅಂದ್ರು. ಹದಿನಾಲ್ಕು ಮನೇಲಿ ಹನ್ನೆರಡು.”

“ಮೇಲಿನ ಮನೆ ಮೇಷ್ಟ್ರೂ?”

“ಅವ್ರೂ.”

ಟೈಲರಮ್ಮ ಮಗಳ ಕಡೆ ಒಮ್ಮೆ ನೋಡಿದಳು. “ಹಂಗಾದ್ರೆ ನಂದೂ ಬೇಡ ಅಂತ್ಲೇ ಹಾಕಿ” ಎಂದಳು. ಅತ್ತಿಗೆ ಹಾಕಿದರು. ಇಡೀ ಬೀದಿಯಲ್ಲಿ ಕೇಳಿ ತುಂಬಿದ ಬೇಡ ಎಂದರೆ ಅದೊಂದೇ, ಅದೂ ನಮ್ಮ ಕೈಯಿಂದಲೇ ಹುಟ್ಟಿದ್ದು.

ಹದಿನೈದು ದಿನ ಕಳೆದು ಅತ್ತಿಗೆಯ ಚೀಲದ ಪಟ್ಟಿ ಕಿತ್ತುಹೋಯಿತು. ಹೊಲಿಸಲು ಟೈಲರಮ್ಮನ ಬಳಿಗೇ ಹೋದರು. ಅವಳು ಎರಡು ಸಲ ಗಟ್ಟಿಯಾಗಿ ಹೊಲಿದು ಕೊಟ್ಟಳು, ದುಡ್ಡು ಕೊಡಹೋದರೆ ಕೈ ಹಿಂದಕ್ಕೆ ಸರಿಸಿದಳು.

“ಬೇಡಕ್ಕ. ನಿಮ್ಮಿಂದ ನನಗೆ ದೊಡ್ಡ ಉಪಕಾರ ಆಗಿದೆ.”

ಮಗುವಿನ ಮೈಯಲ್ಲಿ ರಕ್ತ ಸರಿಯಾಗಿ ಹುಟ್ಟುವುದಿಲ್ಲವಂತೆ. ಮೂರು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಬೇರೆಯವರ ರಕ್ತ ಏರಿಸಬೇಕು. ಅತ್ತಿಗೆ ಮೊದಲು ಹೋದಾಗ ಬಾಗಿಲಿಗೆ ಬೀಗವಿದ್ದುದು ಅದಕ್ಕೇ. ಮಗುವಿನದೇ ಮೂಳೆಮಜ್ಜೆಯ ಜೀವಕೋಶ ತೆಗೆದು, ಅದರ ಜೀನ್ ತಿದ್ದಿ, ವಾಪಸು ಮೈಗೆ ಬಿಡುವ ಹೊಸ ಚಿಕಿತ್ಸೆ ಬಂದಿದೆ, ಪ್ರಯೋಗಕ್ಕೆ ಕೆಲವೇ ಮಕ್ಕಳನ್ನು ತೆಗೆದುಕೊಳ್ಳುತ್ತೇವೆ, ಒಂದು ಜಾಗ ಇದೆ ಎಂದಿದ್ದರು ಡಾಕ್ಟರು. ಯೋಚಿಸಿ ಹೇಳಿ ಎಂದೂ ಹೇಳಿದ್ದರು.

“ಒಂದು ತಿಂಗಳು ನಿದ್ದೆ ಇರ್ಲಿಲ್ಲ ಅಕ್ಕ. ನೀವು ಬಂದು ಹೋದ್ಮೇಲೆ ಬೇಡ ಅಂತ ತೀರ್ಮಾನ ಮಾಡಿ ಡಾಕ್ಟ್ರಿಗೂ ಹೇಳ್ಬಿಟ್ಟೆ. ಮೇಷ್ಟ್ರಂಥವ್ರೇ ಬೇಡ ಅಂದ್ಮೇಲೆ, ನಾಳೆ ತಿದ್ದಿದ ಮಗು ಅಂತ ಇವಳ ಜೊತೆ ಯಾರು ಆಡೋಕೆ ಬಿಡ್ತಾರೆ? ನಮ್ಮ ಬಾಳೆಲ್ಲ ಈ ಬೀದೀಲೇ ಅಲ್ವಾ?”

ಅತ್ತಿಗೆ ಅಲ್ಲಿಂದ ನೇರವಾಗಿ ನಮ್ಮ ಮನೆಗೆ ಬಂದರು. ಇದನ್ನೆಲ್ಲ ಒಂದಕ್ಷರ ಬಿಡದೆ ಹೇಳಿದರು. “ಉಪಕಾರ ಅಂದ್ಲು ಕಣೋ” ಎಂದು ಮೂರು ಸಲ ಅಂದರು.

ನಾನು ಅಂದದ್ದನ್ನೂ ಬರೆಯುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. “ಸುಮ್ನಿದ್ಬಿಡಿ ಅತ್ತಿಗೆ. ಹೊರಗೆ ಬಂದ್ರೆ ಇಬ್ಬರ ಕೆಲಸಾನೂ ಹೋಗುತ್ತೆ. ಆ ಚಿಕಿತ್ಸೆ ಕೈಗೂಡುತ್ತೆ ಅಂತ ಯಾರು ಕಂಡಿದ್ದಾರೆ?” ಎಂದೆ. ಏಳು ವರ್ಷದ ಮಗುವಿನ ಎದುರು ನನ್ನ ಕುರ್ಚಿಯನ್ನು ತೂಗಿ ನೋಡಿ, ಕುರ್ಚಿಯೇ ಭಾರ ಎಂದವನು ನಾನು. ಅತ್ತಿಗೆ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ನಾಲ್ಕು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲವೆಂದು ಅಣ್ಣ ಹೇಳಿದ. ಐದನೆಯ ದಿನ ಬೆಳಿಗ್ಗೆ ನನ್ನ ಮೇಜಿನ ಮುಂದೆ ಬಂದು ನಿಂತು, “ಎದ್ದೇಳು, ನಡಿ” ಎಂದರು. ಎದ್ದೆ.

ನಾವು ಹೋದಾಗ ಟೈಲರಮ್ಮ ಕತ್ತರಿ ಹಿಡಿದು ನಿಂತಿದ್ದಳು. ಅತ್ತಿಗೆ ಕೂರಲಿಲ್ಲ. “ನಾನು ಸುಳ್ಳು ಹೇಳ್ದೆ ಕಣಮ್ಮ. ಬೀದೀಲಿ ಯಾರೂ ಬೇಡ ಅಂದಿಲ್ಲ. ಗೊತ್ತಿಲ್ಲ ಅಂದ್ರು. ಬೇಡ ಅನ್ನೋದನ್ನ ನಾನು ಕೂತು ಬರ್ದೆ” ಎಂದರು. ಎಲ್ಲವನ್ನೂ ತಮ್ಮ ತಲೆಗೇ ಕಟ್ಟಿಕೊಂಡರು. ಕೆಂಪು ಶಾಯಿಯ ಮಾತು ಎತ್ತಲಿಲ್ಲ. ನಾನು ಬಾಗಿಲ ಬಳಿ ಚಪ್ಪಲಿ ನೋಡುತ್ತ ನಿಂತಿದ್ದೆ. “ವಾಪಸು ಕಳಿಸಿದ್ದು ನಾನು” ಎನ್ನಬೇಕಾಗಿತ್ತು. ಅನ್ನಲಿಲ್ಲ.

ಟೈಲರಮ್ಮ ಕಿರುಚಲಿಲ್ಲ. ಮೆಟ್ಟಿಲ ಬಳಿ ಹೋಗಿ ಮೇಷ್ಟ್ರನ್ನು ಕೂಗಿ ಕರೆದಳು. ಅವರು ಕನ್ನಡಕ ಒರೆಸಿಕೊಳ್ಳುತ್ತ ಇಳಿದು ಬಂದರು.

“ಮೇಷ್ಟ್ರೇ, ಜೀನ್ ತಿದ್ದೋದು ಬೇಡ ಅಂದ್ರಾ ನೀವು?”

“ನಾನಾ? ನನಗದರ ತಲೆಬುಡ ಗೊತ್ತಿಲ್ಲ ಅಂದೆನಮ್ಮ. ಮಗೂಗೆ ಒಳ್ಳೇದಾಗೋದಾದ್ರೆ ನಾನ್ಯಾಕೆ ಬೇಡ ಅನ್ಲಿ?”

ಅವಳು ಅಲ್ಲೇ ನಿಂತು ಆಸ್ಪತ್ರೆಗೆ ಫೋನ್ ಮಾಡಿದಳು. ಹೂಂ, ಹೂಂ ಎಂದಳು. ಮಗಳ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದಳು. ಆ ಜಾಗವನ್ನು ಹಿಂದಿನ ವಾರವೇ ಬೇರೆ ಮಗುವಿಗೆ ಕೊಟ್ಟಿದ್ದರು. ಮುಂದಿನ ಪಟ್ಟಿಯಲ್ಲಿ ಹೆಸರು ಹಾಕಿಕೊಂಡರು, ಆ ಪಟ್ಟಿ ಯಾವಾಗ ಎಂದು ಹೇಳಲು ಬರುವುದಿಲ್ಲವೆಂದರು. ಫೋನ್ ಇಟ್ಟು ಅವಳು ಮಗಳ ಪಕ್ಕದಲ್ಲಿ ಕೂತಳು, ಉರುಳಿಹೋಗಿದ್ದ ಒಂದು ಗುಂಡಿಯನ್ನು ಎತ್ತಿ ಅದರ ಗುಂಪಿಗೆ ಸೇರಿಸಿದಳು.

“ನಿಮ್ದೇನು ಅಭಿಪ್ರಾಯ ಅಕ್ಕ?” ಎಂದಳು ತಲೆ ಎತ್ತದೆ. “ಮಾಡಿಸ್ಬೇಕಾ, ಬೇಡ್ವಾ?”

ಇಪ್ಪತ್ತೆರಡು ವರ್ಷದಲ್ಲಿ ಅತ್ತಿಗೆಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

“ಗೊತ್ತಿಲ್ಲಮ್ಮ.”

“ಅವತ್ತು ಅಷ್ಟೇ ಹೇಳಿದ್ರೆ ಸಾಕಾಗಿತ್ತು” ಎಂದಳು ಟೈಲರಮ್ಮ. ಆಮೇಲೆ ಚೀಲದ ಕಡೆ ಕೈ ತೋರಿಸಿ, “ಪಟ್ಟಿ ಹೊಲಿದಿದ್ದರ ದುಡ್ಡು ಕೊಟ್ಬಿಡಿ” ಎಂದಳು.

ಅತ್ತಿಗೆ ಕೊಟ್ಟರು. ಅವತ್ತು ಸಂಜೆಯೇ ಕೆಲಸ ಬಿಟ್ಟರು. ನಾನು ಇನ್ನೂ ಅದೇ ಮೇಜಿನಲ್ಲಿ ಕೂತು ಫಾರಂ ನೋಡುತ್ತೇನೆ.