ಚರ್ಚೆ ಕಸ್ತೂರಿರಂಗಯ್ಯ
ಎಪ್ಪತ್ನಾಲ್ಕನೇ ಇಸವಿಯ ಸುಮಾರಿಗೆ ಮದ್ದೂರಿನಲ್ಲಿ ಸಿನಿಮಾ ತೋರಿಸುವವರು ಬೇರೆಯವರೂ ಇದ್ದರು. ತೋರಿಸಿದ ಮೇಲೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದವರು ಕಸ್ತೂರಿರಂಗಯ್ಯ ಮೇಷ್ಟ್ರೊಬ್ಬರೇ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಅವರ ಚಿತ್ರಸಮಾಜ ಊರಿನ ಟಾಕೀಸಿನಲ್ಲಿ ಹಳೆಯ ಹಾಲಿವುಡ್ ಚಿತ್ರವೊಂದನ್ನು ತೋರಿಸುತ್ತಿತ್ತು. ಚಿತ್ರ ಮುಗಿದು ದೀಪ ಹತ್ತುವ ಮೊದಲೇ ಮೇಷ್ಟ್ರು ಬಾಗಿಲಿಗೆ ಕೊಡೆ ಅಡ್ಡ ಹಿಡಿದು, "ಚರ್ಚೆ ಮಾಡದೆ ಹೋಗೋದು ಎಲೆ ಮುಂದೆ ಕೂತು ಉಣ್ಣದೆ ಎದ್ದ ಹಾಗೆ ಕಣ್ರಯ್ಯ" ಎನ್ನುತ್ತಿದ್ದರು. ಯಾರೂ ಬಾಯಿ ಬಿಡದಿದ್ದರೆ ತಾವೇ ಪ್ರಶ್ನೆ ಕೇಳಿ, ಪಕ್ಕಕ್ಕೆ ಸರಿದು, ದನಿ ಬದಲಿಸಿ ತಾವೇ ಉತ್ತರಿಸಿ, ಆ ಉತ್ತರದ ಮೇಲೆ ಜಗಳಕ್ಕೂ ನಿಲ್ಲುತ್ತಿದ್ದರು. ಜನ ಮಾತ್ರ ಹತ್ತಿರದ ಕೊಪ್ಪಕ್ಕೆ ಹೋಗುವ ಬಸ್ಸಿನ ಹಾರನ್ ಕೇಳಿದೊಡನೆ ಕೊಡೆಯ ಅಡಿ ನುಸುಳಿ ಓಡುತ್ತಿದ್ದರು. ಹೀಗಿರುವಾಗ, ಊರನ್ನು ಪುಂಡರಿಂದ ಕಾಪಾಡಿದ ಕುದುರೆ ಸವಾರ ಒಂಟಿಯಾಗಿ ಹೊರಟುಹೋಗುವ ಚಿತ್ರ ಮುಗಿದ ದಿನ, ಕೊಪ್ಪದ ಚಿಕ್ಕಬೋರಮ್ಮ ಎದ್ದು ನಿಂತು, "ಊರು ಉಳಿಸ್ದೋನ್ಗೆ ಒಂದು ತುತ್ತು ಇಕ್ದೆ ಕಳಿಸ್ಬುಟ್ರಲ್ಲಾ, ಅವೂ ಒಂದು ಜನವಾ?" ಎಂದಳು. ಹಿಂದಿನ ಬೆಂಚಿನಿಂದ ಪುಟ್ಟರಾಜು, "ಅವ್ನು ನಿಂತ್ರೆ ತಾನೆ ಇಕ್ಕಾದು ಕಣಮ್ಮ!" ಎಂದ. ಟಾಕೀಸೇ ಎರಡು ಪಂಗಡವಾಯಿತು. ಬಸ್ಸಿನ ಹಾರನ್ ಕೂಗಿತು, ಒಬ್ಬರೂ ಏಳಲಿಲ್ಲ. ಮೇಷ್ಟ್ರು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ, ಶಲ್ಯ ಸರಿಪಡಿಸಿಕೊಂಡು ಹೊರಗೆ ಬಂದು, ಕಂಡಕ್ಟರನಿಗೆ ಎದೆಯುಬ್ಬಿಸಿ ಹೇಳಿದರು: "ಸ್ವಲ್ಪ ತಡಿಯಯ್ಯ, ಒಳಗೆ ಊರು ಮಾತಾಡ್ತಾ ಇದೆ."