ವಾಮನನಿಗೆ ಹೊದಿಸದೇ ಉಳಿದ ಶಾಲು

ಸುಳ್ಳು ಸುದ್ದಿ ಇರಬೇಕು ಅಂದುಕೊಂಡೆ...
ನಿನ್ನೆ ಸಂಜೆ ತಾನೇ ಫೋನ್ ಮಾಡಿ ಅರ್ಧ ಗಂಟೆ ನನ್ನ ತಲೆ ತಿಂದಿದ್ದ.
ಇವತ್ತು ಬೆಳಿಗ್ಗೆ ಅವನ ಹೆಂಡತಿ ಸುಮತಿಯವರ ಫೋನು...
"ಹೋಗಿಬಿಟ್ರು ರೀ... ಚಹಾದ ಕಪ್ಪು ಇನ್ನೂ ಕೈಯಾಗ ಇತ್ತು..."
ಈಗಲೂ ನಂಬೋಕೆ ಆಗುತ್ತಿಲ್ಲ.

ಫ್ರೆಂಡ್ಸ್, ವಾಮನ ನಿಮ್ಮಲ್ಲಿ ಹಲವರಿಗೆ ಗೊತ್ತು.
ಧಾರವಾಡದವನು. ನಾನು ಮೈಸೂರಿನವನು. ಇಲ್ಲಿ ವಿದೇಶಕ್ಕೆ ಬಂದು ಮಿಸಿಸಾಗದ ಒಂದೇ ಆಫೀಸಿನಲ್ಲಿ ಎಂಜಿನಿಯರುಗಳಾಗಿದ್ದು, ಒಟ್ಟಿಗೇ ರಿಟೈರ್ ಆದವರು.
ಬೆಳಗ್ಗಿನಿಂದ ಫೇಸ್‌ಬುಕ್ ತುಂಬ ಅವನದೇ ಫೋಟೋ... ಒಬ್ಬೊಬ್ಬರದೂ ಒಂದೊಂದು ಹೊಗಳಿಕೆ...
ಓದುತ್ತಾ ಅತ್ತೆ. ಅಳುತ್ತಲೇ ಹೊಟ್ಟೆಕಿಚ್ಚೂ ಪಟ್ಟೆ.
ಹೌದು, ಇವತ್ತೂ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಇಲ್ಲಿಂದ ಗಂಟೆ ದಾರಿಯ ವಿಟ್ಬಿಯಲ್ಲಿ ಸ್ಕಾಟ್ಲೆಂಡಿನ ಊದುವಾದ್ಯದ ಒಂದು ಬ್ಯಾಗ್‌ಪೈಪ್ ಬ್ಯಾಂಡ್ ಇದೆ. ಅದರ ಸಪೋರ್ಟರ್ಸ್ ಗ್ರೂಪಿನವರು ತಿಂಗಳಿಗೊಂದು ಗುರುವಾರ ಸಂಜೆ, ಚರ್ಚಿನ ಬೇಸ್‌ಮೆಂಟಿನಲ್ಲಿ, ಸ್ಕಾಟ್ಲೆಂಡಿನ ಪರಂಪರೆಯ ಬಗ್ಗೆ ಯಾರಿಂದಲಾದರೂ ಮಾತಾಡಿಸುತ್ತಾರೆ.
ಅಲ್ಲಿಗೆ ಮೊದಲು ಹೋದವನು ನಾನು.
ಗ್ಲಾಸ್ಗೋದಲ್ಲಿ ಎರಡು ವರ್ಷ ಓದಿದವನು ನಾನು.
ಅಷ್ಟು ದೂರ ಒಬ್ಬನೇ ಡ್ರೈವ್ ಮಾಡಲು ಬೇಜಾರು ಅಂತ ವಾಮನನನ್ನು ಕಾರಲ್ಲಿ ಕೂರಿಸಿಕೊಂಡು ಹೋದವನೂ ನಾನೇ...
ಅವನು ಸ್ಕಾಟ್ಲೆಂಡಿನ ನೆಲ ಮೆಟ್ಟಿದವನಲ್ಲ.

ನನ್ನ ಮಾತಿಗೆ ಎಪ್ಪತ್ತು ಸ್ಲೈಡು. ಯಾವ ಮನೆತನ, ಯಾವ ಕೋಟೆ, ಯಾವ ಯುದ್ಧ... ಒಂದೂ ಬಿಟ್ಟಿರಲಿಲ್ಲ.
ಮುಂದಿನ ಸಾಲಿನಲ್ಲೇ ಇಬ್ಬರು ನಿದ್ದೆ ಹೋದರು.
ವಾಪಸ್ ಬರುವಾಗ ಕಾರಲ್ಲಿ ಇವನು,
"ಲೇ ಮೈಸೂರ್ಯಾ, ಸ್ಲೈಡು ಭಾಳ ಆದ್ವು. ಮಂದಿ ಮಾರಿ ನೋಡಿ ಮಾತಾಡು."

ಎರಡು ತಿಂಗಳಾದ ಮೇಲೆ ಅವನ ಸರದಿ.
ಒಂದೂ ಸ್ಲೈಡಿಲ್ಲ. ಅವರ ಚೌಕಳಿ ಲಂಗ ಕಿಲ್ಟಿನ ಪಕ್ಕದಲ್ಲಿ ತನ್ನ ತಾಯಿಯ ಇಳಕಲ್ ಸೀರೆ ಹರಡಿದ. "ಮುಟ್ಟಿ ನೋಡಿ" ಅಂದ, ಅಷ್ಟೇ.
ಮುದುಕಿಯರೆಲ್ಲ ಎದ್ದು ಬಂದು, ಸೀರೆ ಸವರುತ್ತಾ ತಮ್ಮ ತಮ್ಮ ಅಜ್ಜಿಯರ ಕಥೆ ಹೇಳತೊಡಗಿದರು... ಹಾಲ್ ಮುಚ್ಚುವ ಹೊತ್ತಾದರೂ ಯಾರೂ ಹೊರಡಲಿಲ್ಲ.
ಆಮೇಲೆ ವರ್ಷಕ್ಕೆ ಮೂರು ಮಾತು ಅವನದೇ. ನಾನು ಡ್ರೈವರ್.

ಅಷ್ಟಕ್ಕೇ ನಿಲ್ಲಿಸಿದನಾ? ಪ್ರತಿ ಮಾತಿನ ಕೊನೆಗೆ ನಮ್ಮೂರ ಪದ್ಧತಿಯಂತೆ ಅಲ್ಲಿನ ಒಬ್ಬರಿಗೆ ಶಾಲು ಹೊದಿಸಿ ಸನ್ಮಾನ!
ಟೀ ಮಾಡುವಾಕೆಗೆ... ಕುರ್ಚಿ ಜೋಡಿಸುವ ಮುದುಕನಿಗೆ... ಕೈ ನಡುಗಿ ಪೈಪ್ ನುಡಿಸುವುದನ್ನು ಬಿಟ್ಟವರಿಗೆ...
ಅವರು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದೆ... ಮೆಲ್ಲಗೆ.

ವಾಮನಾ...
ಎದುರಿಗಿದ್ದಾಗ ಹೇಳುವ ಧೈರ್ಯ ಬರಲಿಲ್ಲ. ಈಗ ಎಲ್ಲರ ಮುಂದೆ ಹೇಳುತ್ತೇನೆ, ಕೇಳು.

ಹೋದ ಬೇಸಿಗೆಯಲ್ಲಿ ಗ್ರೂಪಿನ ಪ್ರೆಸಿಡೆಂಟ್ ಮಾರ್ಗರೆಟ್ ನನಗೆ ಫೋನ್ ಮಾಡಿದ್ದಳು.
ಬ್ಯಾಂಡಿನದೇ ಚೌಕಳಿಯಲ್ಲಿ ಒಂದು ಶಾಲು ನೇಯಿಸಿದ್ದಾರಂತೆ. ಜುಲೈ ಪಿಕ್ನಿಕ್ಕಿನಲ್ಲಿ ನಿನಗೆ ಹೊದಿಸಬೇಕಂತೆ. ನಿನಗೆ ಹೇಳಬಾರದು, ಸರ್‌ಪ್ರೈಸು. ನಿಮ್ಮಲ್ಲಿ ಇದಕ್ಕೇನಾದರೂ ನಿಯಮ ಉಂಟೇ ಅಂತ ಕೇಳಿದಳು.
ನನ್ನ ಬಾಯಿಂದ ಬಂದದ್ದು ಏನು ಗೊತ್ತಾ?
"ಈಗ ಆಷಾಢ. ಶುಭಕಾರ್ಯ ಮಾಡುವಂತಿಲ್ಲ."
ಪಾಪ, ಡೈರಿಯಲ್ಲಿ ಬರೆದುಕೊಂಡಳು.
ಸೆಪ್ಟೆಂಬರಿನಲ್ಲಿ ಮತ್ತೆ ಕೇಳಿದಳು. ಪಿತೃಪಕ್ಷ ಅಂದೆ.
ಡಿಸೆಂಬರಿನಲ್ಲಿ ಕೇಳಿದಳು. ಧನುರ್ಮಾಸ ಅಂದೆ.
"ನಿಮ್ಮ ಕ್ಯಾಲೆಂಡರ್ ಬಹಳ ಸ್ಟ್ರಿಕ್ಟು" ಎಂದು ನಕ್ಕಳೇ ಹೊರತು ಒಂದು ಸಲವೂ ಅನುಮಾನ ಪಡಲಿಲ್ಲ.

ನೀನೋ... ಆಷಾಢದಲ್ಲೇ ಗೃಹಪ್ರವೇಶ ಮಾಡಿದವನು! ಯಾರೋ ಕೇಳಿದ್ದಕ್ಕೆ ನೀನು "ಮನಿ ಮಾರೋ ರಿಯಲ್ಟರ್‌ಗೆ ಆಷಾಢ ಗೊತ್ತಿಲ್ಲೋ" ಅಂದಿದ್ದೆ. ಅವತ್ತು ನಿಮ್ಮ ಮನೆಯಲ್ಲಿ ಎರಡು ಹೋಳಿಗೆ ಹೆಚ್ಚೇ ತಿಂದವನು ನಾನು...
ನಿನಗೆ ಯಾವ ತಿಂಗಳೂ ಅಡ್ಡಿಯಾಗಿರಲಿಲ್ಲ.
ಆ ಶಾಲು ನಿನ್ನ ಹೆಗಲ ಮೇಲೆ ಬೀಳುವುದನ್ನು ನೋಡಲು ನನ್ನ ಕೈಲಿ ಆಗುತ್ತಿರಲಿಲ್ಲ, ಅಷ್ಟೇ.
ಕೊನೆಗೆ, ಸಂಕ್ರಾಂತಿ ಕಳೆಯಲಿ ಎಂದಿದ್ದೆ. ಸಂಕ್ರಾಂತಿಯೂ ಕಳೆಯಿತು. ಮುಂದಿನ ಗುರುವಾರಕ್ಕೆ ಎಲ್ಲಾ ನಿಶ್ಚಯವಾಗಿತ್ತು.
ಇನ್ನು ಆರು ದಿನ ತಡೆಯಬಾರದಿತ್ತಾ ನೀನು...

ಮಧ್ಯಾಹ್ನ ಮಾರ್ಗರೆಟ್ ಮೆಸೇಜು.
ನಾಳೆ ನಿನ್ನ ಅಂತಿಮ ದರ್ಶನಕ್ಕೆ ಫ್ಯೂನರಲ್ ಹೋಮಿಗೆ ಇಡೀ ಬ್ಯಾಂಡ್ ಬರುತ್ತಂತೆ. ನಿನಗಾಗಿ ಪೈಪ್ ನುಡಿಸುತ್ತಾರಂತೆ.
(ನನಗೆ ಯಾರು ನುಡಿಸುತ್ತಾರೆ ಅಂತ ಯೋಚನೆ ಬಂತು. ಬಯ್ಯಬೇಡ. ನಾನು ಇಂಥವನೇ.)
ಶಾಲನ್ನೂ ತರುತ್ತಾರಂತೆ. ತೀರಿಹೋದವರಿಗೆ ಹೊದಿಸಲು ನಿಮ್ಮ ಸಂಪ್ರದಾಯದಲ್ಲಿ ಒಪ್ಪಿಗೆ ಇದೆಯೇ, ದಯವಿಟ್ಟು ತಿಳಿಸಿ ಎಂದು ಕೇಳಿದ್ದಾಳೆ.
ಈಗಲೂ ನನ್ನನ್ನೇ ಕೇಳುತ್ತಾಳೆ, ನೋಡು...

ಎರಡು ಗಂಟೆ ಫೋನ್ ಹಿಡಿದು ಕೂತಿದ್ದೆ. ಆಮೇಲೆ ಬರೆದೆ.
"ತನ್ನಿ. ಯಾವ ಅಡ್ಡಿಯೂ ಇಲ್ಲ.
ಜುಲೈನಲ್ಲೂ ಇರಲಿಲ್ಲ."
ಓದಿದ್ದಾಳೆ.

ಸುಮತಿಯವರೇ, ನೀವೂ ಇದನ್ನು ಓದುತ್ತೀರಿ ಅಂತ ಗೊತ್ತು. ನಾಳೆ ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಹೇಳಿ, ಬಾಗಿಲ ಹೊರಗೇ ನಿಲ್ಲುತ್ತೇನೆ.

ಹೋಗಿ ಬಾ ವಾಮನಾ...
ನಿನ್ನ ಆತ್ಮಕ್ಕೆ ನೆಮ್ಮದಿ ಸಿಗಲಿ.
ನನ್ನದಕ್ಕೆ ಸದ್ಯಕ್ಕೆ ಬೇಡ.
🙏